ನೆಲಬೇವು, ಕಿರಾತಕಡ್ಡಿ, ಜೆನ್ಷಿಯನ್: ಯಾವ ಹೆಸರು ಯಾವ ಗಿಡಕ್ಕೆ?

ಪ್ರಶ್ನೆ: ಸಸ್ಯಶಾಸ್ತ್ರದ ಬರಹವೊಂದನ್ನು ಕನ್ನಡಕ್ಕೆ ತರುವಾಗ ಜೆನ್ಷಿಯನೇಸಿಯನ್ನು (ಜೆನ್ಷಿಯನ್ ಎಂಬ ಕಹಿಗಿಡದ ಕುಟುಂಬವನ್ನು) ‘ನೆಲಬೇವಿನ ಕುಟುಂಬ’ ಎನ್ನಬಹುದೇ? ಉಡುಪಿ ಕಡೆಯ ಕಿರಾತಕಡ್ಡಿಯೂ ಇದೇ ಗಿಡವೇ?

ಉತ್ತರ: ಬೇಡ. ಮಂಗಳೂರು, ಉಡುಪಿಯವರಿಗೆ ನೆಲಬೇವು ಅಥವಾ ಕಿರಾತಕಡ್ಡಿ ಎಂದರೆ ಹಿತ್ತಿಲಲ್ಲಿ ಬೆಳೆದು ಜ್ವರದ ಕಷಾಯಕ್ಕೆ ಒದಗುವ ಗಿಡ. ಕಾಲಮೇಘವೂ ಅದೇ, ಆಂಡ್ರೊಗ್ರಾಫಿಸ್ ಪ್ಯಾನಿಕ್ಯುಲೇಟ. ಅದು ಆಡುಸೋಗೆಯ ಕುಟುಂಬದ್ದು, ಅಂದರೆ ಅಬ್ಬಲಿಗೆಯ ನೆಂಟ. ಜೆನ್ಷಿಯನ್ನಿಗೂ ಅದಕ್ಕೂ ಇರುವ ಹೋಲಿಕೆ ಕಹಿ ಮಾತ್ರ. ಆ ಕಹಿಯೂ ಬೇರೆ ಬೇರೆ: ಇಲ್ಲಿಯದು ಆಂಡ್ರೊಗ್ರಾಫೊಲೈಡ್, ಅಲ್ಲಿಯದು ಅಮರೊಜೆಂಟಿನ್.

ಸಂಸ್ಕೃತದ ಕಿರಾತತಿಕ್ತ ಹಿಮಾಲಯದ ಸ್ವೆರ್ಟಿಯ ಚಿರಾಯಿತ. ಜೆನ್ಷಿಯನ್ ಕುಟುಂಬದ್ದು ಅದು. ಅದರ ಇನ್ನೊಂದು ಹೆಸರು ಭೂನಿಂಬ. ಬಿಡಿಸಿದರೆ ನೆಲಬೇವೇ ಆಗುತ್ತದೆ. ತೊಡಕು ಹುಟ್ಟುವುದು ಇಲ್ಲಿ. ಘಟ್ಟದ ಕೆಳಗೆ ಬೆಳೆಯದ ಗಿಡದ ಹೆಸರು ಹಿತ್ತಿಲಲ್ಲಿ ಸಿಗುವ ಕಹಿಗಿಡಕ್ಕೆ ಅಂಟಿಕೊಂಡಿತು. ಹಿಮಾಲಯದ ಸರಕು ಒಣಕಡ್ಡಿಯ ಕಟ್ಟಾಗಿ ಬರುವುದರಿಂದ ‘ಕಡ್ಡಿ’ ಸೇರಿತು ಎಂದು ನನ್ನ ಎಣಿಕೆ. ಈಗ ಹಸಿಗಿಡಕ್ಕೂ ಕಡ್ಡಿಯೇ.

ಗ್ರಂಥಿಗೆ ಅಂಗಡಿಯ ಕಟ್ಟಿನಿಂದ ಒಂದು ಕಡ್ಡಿ ಎಳೆದು ನೋಡಿ. ಬುಡದ ಕಡೆ ದುಂಡಗೆ, ತುದಿಯ ಕಡೆ ತುಸು ನಾಲ್ಕು ಮೂಲೆ, ಬಣ್ಣ ಕಂದು ಅಥವಾ ನೇರಳೆಗಂದು, ಮುರಿದರೆ ಒಳಗೆ ಸುಲಭವಾಗಿ ಬಿಡಿಸಿಕೊಳ್ಳುವ ದಪ್ಪ ಹಳದಿ ತಿರುಳು: ಸ್ವೆರ್ಟಿಯ. ಬುಡದಿಂದ ತುದಿಯವರೆಗೆ ನಾಲ್ಕು ಮೂಲೆ, ಬಣ್ಣ ಹಸಿರು ಛಾಯೆ: ನಮ್ಮ ನೆಲಬೇವು. ಹೂ ಸಿಕ್ಕರೆ ಅನುಮಾನವೇ ಉಳಿಯದು. ಸ್ವೆರ್ಟಿಯದ್ದು ಸಮನಾದ ನಾಲ್ಕು ದಳ, ಪ್ರತಿ ದಳದಲ್ಲೂ ಎರಡು ಮಧುಗ್ರಂಥಿ. ನೆಲಬೇವಿನದ್ದು ನೇರಳೆ ಗೆರೆಯ ಬಿಳಿ ಹೂ, ಎರಡು ತುಟಿ, ಎರಡೇ ಕೇಸರ.

ಇದು ಬರೀ ಪದದ ಜಗಳವಲ್ಲ. ಜ್ವರಕ್ಕೆ ಕೊಡುವ ಆಯುರ್ವೇದದ ಸುದರ್ಶನ ಚೂರ್ಣದಲ್ಲಿ ಉಳಿದೆಲ್ಲ ದ್ರವ್ಯಗಳ ಒಟ್ಟು ತೂಕದ ಅರ್ಧದಷ್ಟು ಕಿರಾತತಿಕ್ತ ಬೀಳಬೇಕು. ಹೆಸರು ನಂಬಿ ಹಿತ್ತಿಲ ಗಿಡ ಹಾಕಿದರೆ ಚೂರ್ಣದ ಮೂರನೇ ಒಂದು ಪಾಲು ಬೇರೆ ಮದ್ದಾಗಿರುತ್ತದೆ.

ಕುಟುಂಬದ ಹೆಸರಿಗೆ ಅನುವಾದ ಹುಡುಕುವ ಅಗತ್ಯವೂ ಇಲ್ಲ. ಜೆನ್ಷಿಯನ್ ಎಂಬುದು ಕ್ರಿ.ಪೂ. 2ನೇ ಶತಮಾನದ ಇಲಿರಿಯದ (ಬಾಲ್ಕನ್ ಕಡೆಯ ಹಳೆಯ ರಾಜ್ಯ) ದೊರೆ ಜೆಂಟಿಯಸ್‌ನ ಹೆಸರಿನಿಂದ ಬಂದದ್ದೆಂದು ಪ್ರಾಚೀನ ರೋಮಿನ ಲೇಖಕ ಪ್ಲಿನಿ ಹೇಳುತ್ತಾನೆ. ವ್ಯಕ್ತಿಯ ಹೆಸರನ್ನು ಅನುವಾದಿಸುವುದೇನು? ‘ಜೆನ್ಷಿಯನ್ ಕುಟುಂಬ’ ಎಂದೇ ಬರೆಯಿರಿ. (ಬಾಯಿಹುಣ್ಣಿಗೆ ಹಚ್ಚುವ ಜೆನ್ಷಿಯನ್ ವಯಲೆಟ್ ಹೂವಿನ ರಸವಲ್ಲ, ಕೃತಕ ಬಣ್ಣ. ಹೂವಿನ ಬಣ್ಣದಿಂದ ಹೆಸರಷ್ಟೇ ಬಂದಿದೆ.)

ಉದಾಹರಣೆ ಕೊಡುವಾಗ ಕ್ಯಾನ್ಸ್‌ಕೋರ ಬಂದರೆ ಎಚ್ಚರ. ಈ ಕುಟುಂಬದ ಕ್ಯಾನ್ಸ್‌ಕೋರ ಡೆಕಸೇಟವನ್ನು ಬಂಗಾಳದ ವೈದ್ಯರು ಶಂಖಪುಷ್ಪಿ ಎನ್ನುತ್ತಾರೆ. ನಮ್ಮಲ್ಲಿ ಶಂಖಪುಷ್ಪ ಎಂದರೆ ಬೇಲಿಯ ಮೇಲಿನ ನೀಲಿ ಹೂಬಳ್ಳಿ, ಅವರೆಯ ಕುಟುಂಬದ್ದು.