ಮಂಡಿಯ ಲೆಕ್ಕಪತ್ರಕ್ಕೆ ಯಾವ ಆಪರೇಟಿಂಗ್ ಸಿಸ್ಟಂ ಹೆಚ್ಚು ನಂಬಿಕೆಗೆ ಅರ್ಹ?

ಮಂಡಿ ಗುಮಾಸ್ತ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಒಂದು ದಲ್ಲಾಳಿ ಮಂಡಿಯಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ನಾಲ್ಕು ಕಂಪ್ಯೂಟರ್‌ಗಳಿವೆ. ಎಲ್ಲವೂ ಇಂಟೆಲ್‌ನ ಆರನೇ ತಲೆಮಾರಿನ ಪ್ರೊಸೆಸರ್ ಇರುವಂಥವು, ಎಲ್ಲದರಲ್ಲೂ ವಿಂಡೋಸ್ 10 ಇದೆ. ಒಂದರಲ್ಲಿ ಟ್ಯಾಲಿ ನಡೆಯುತ್ತದೆ, ಇನ್ನೊಂದರಲ್ಲಿ ನುಡಿ ಬಳಸಿ ಪತ್ರಗಳನ್ನು ಬೆರಳಚ್ಚು ಮಾಡುತ್ತೇವೆ. ಉಳಿದ ಎರಡರಲ್ಲಿ ರೈತರಿಗೆ ಕೊಡುವ ಲೆಕ್ಕ ತಿರುವಳಿಯನ್ನು ಎಕ್ಸೆಲ್‌ನಲ್ಲಿ ಸಿದ್ಧಪಡಿಸುವುದು ಹಾಗೂ ಬ್ರೌಸರ್ ಮೂಲಕ ಬ್ಯಾಂಕ್ ಮತ್ತು ಜಿಎಸ್‌ಟಿ ಕೆಲಸ ಮಾಡುವುದು ನಡೆದಿದೆ.

ಮೆಕ್ಕೆಜೋಳದ ಆವಕ ಏರುವ ದಿನಗಳಲ್ಲಿ ಟ್ಯಾಲಿ ಇರುವ ಯಂತ್ರವು ಕೆಲಸದ ನಡುವೆಯೇ ನೀಲಿ ಪರದೆ ತೋರಿಸಿ ತಾನಾಗಿ ಮತ್ತೆ ಚಾಲೂ ಆಗುತ್ತದೆ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹೇಗೂ ಒಂದು ತೀರ್ಮಾನಕ್ಕೆ ಬರಲೇಬೇಕಾಗಿದೆ. ಲಿನಕ್ಸ್ ಎಂದಿಗೂ ಬೀಳುವುದಿಲ್ಲ ಎಂದು ಕೆಲವರು, ಮ್ಯಾಕ್ ತೆಗೆದುಕೊಂಡರೆ ಚಿಂತೆಯೇ ಇಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ಸಾಹುಕಾರರ ಮುಂದೆ ಖರ್ಚಿನ ಪ್ರಸ್ತಾಪ ಇಡುವ ಮೊದಲು, ಸ್ಥಿರತೆಯ ವಿಷಯದಲ್ಲಿ ಇವುಗಳ ನಡುವೆ ನಿಜವಾಗಿ ಎಷ್ಟು ಅಂತರವಿದೆ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಕೋಟೆ ಬಾಗಿಲು, ಚಿತ್ರದುರ್ಗ:

ನಮಸ್ಕಾರ ಸರ್. ಕಾಲೇಜೊಂದರ ಪ್ರಯೋಗಾಲಯದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಯಂತ್ರಗಳೆರಡನ್ನೂ ನೋಡಿಕೊಳ್ಳುವವನಾಗಿ ಹೇಳುತ್ತೇನೆ. ನೀಲಿ ಪರದೆ ಬಂತು ಎಂದ ಮಾತ್ರಕ್ಕೆ ವಿಂಡೋಸ್‌ನ ತಿರುಳೇ ದುರ್ಬಲವೆಂದು ತಿಳಿಯಬೇಡಿ. ಆ ಅಪಖ್ಯಾತಿ ಬಹುಮಟ್ಟಿಗೆ ಡಾಸ್ ಎಂಬ ಹಳೆಯ ವ್ಯವಸ್ಥೆಯ ಬುನಾದಿಯ ಮೇಲೆ ನಿಂತಿದ್ದ ವಿಂಡೋಸ್ 95, 98 ಮತ್ತು ಎಂಇ ಕಾಲದ್ದು. ಅಲ್ಲಿ ಒಂದು ತಂತ್ರಾಂಶ ದಾರಿ ತಪ್ಪಿದರೆ ಇಡೀ ಯಂತ್ರವನ್ನೇ ಬೀಳಿಸಬಹುದಾಗಿತ್ತು. 1993ರಲ್ಲಿ ಬಂದ ವಿಂಡೋಸ್ ಎನ್‌ಟಿ ಪ್ರತಿಯೊಂದು ತಂತ್ರಾಂಶದ ಮೆಮೊರಿಯನ್ನೂ ಬೇರೆ ಬೇರೆಯಾಗಿ ಕಾಯುವಂತೆ ರಚಿತವಾಗಿತ್ತು, 2001ರ ಎಕ್ಸ್‌ಪಿಯೊಂದಿಗೆ ಅದೇ ಕರ್ನಲ್, ಅಂದರೆ ವ್ಯವಸ್ಥೆಯ ತಿರುಳು, ಮನೆಮನೆಯ ಕಂಪ್ಯೂಟರ್‌ಗೂ ಬಂತು. ಈ ಮೂಲಭೂತ ರಕ್ಷಣೆಯ ವಿಷಯದಲ್ಲಿ ಇಂದು ವಿಂಡೋಸ್, ಲಿನಕ್ಸ್ ಮತ್ತು ಮ್ಯಾಕ್‌ಓಎಸ್ ಮೂರೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಈಗ ಯಂತ್ರವನ್ನು ಬೀಳಿಸುವುದು ಸಾಮಾನ್ಯವಾಗಿ ಕರ್ನಲ್‌ನ ಒಳಗೆ ಕುಳಿತು ಕೆಲಸ ಮಾಡುವ ಹೊರಗಿನವರ ಡ್ರೈವರ್ (ಯಂತ್ರಭಾಗವನ್ನು ನಡೆಸುವ ತಂತ್ರಾಂಶ), ಇಲ್ಲವೇ ಕೆಟ್ಟಿರುವ ಯಂತ್ರಭಾಗ. 2024ರ ಜುಲೈ 19ರಂದು ವಿಮಾನ ನಿಲ್ದಾಣಗಳಿಂದ ಆಸ್ಪತ್ರೆಗಳವರೆಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತುಬಿಟ್ಟವು. ಅಂದು ದೋಷವಿದ್ದದ್ದು ಮೈಕ್ರೋಸಾಫ್ಟ್‌ನ ಅಪ್‌ಡೇಟ್‌ನಲ್ಲಿ ಅಲ್ಲ, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ಒಂದು ಕಡತದಲ್ಲಿ. ಆ ಸಂಸ್ಥೆಯ ತಂತ್ರಾಂಶ ಕರ್ನಲ್‌ನ ಮಟ್ಟದಲ್ಲಿ ಕೆಲಸ ಮಾಡುತ್ತಿದ್ದುದರಿಂದಲೇ ಒಂದು ಕಡತದ ತಪ್ಪಿಗೆ ಇಡೀ ಯಂತ್ರ ಮಲಗಿತು. ಆಪಲ್‌ನವರು 2019ರಿಂದಲೇ ಇಂತಹ ಹೊರಗಿನ ತಂತ್ರಾಂಶಗಳನ್ನು ಕರ್ನಲ್‌ನಿಂದ ಆಚೆ ಸಾಗಿಸುತ್ತಾ ಬಂದಿದ್ದಾರೆ. ಜೊತೆಗೆ ಯಂತ್ರವನ್ನೂ ಅವರೇ ತಯಾರಿಸುವುದರಿಂದ ಅಲ್ಲಿ ಡ್ರೈವರ್‌ಗಳ ಗೊಂದಲವೇ ಕಡಿಮೆ. ಮ್ಯಾಕ್‌ನ ಸ್ಥಿರತೆಯ ಗುಟ್ಟು ಬಹುಪಾಲು ಇಷ್ಟೇ.

ನಿಮ್ಮ ಸಂದರ್ಭದಲ್ಲಿ ಉಳಿದ ಮೂರು ಯಂತ್ರಗಳು ಅದೇ ವಿಂಡೋಸ್ 10ರಲ್ಲಿ ಸುಸೂತ್ರವಾಗಿ ನಡೆಯುತ್ತಿವೆ ಎಂಬುದೇ ದೊಡ್ಡ ಸುಳಿವು. ಸ್ಟಾರ್ಟ್‌ನಲ್ಲಿ 'ರಿಲಯಬಿಲಿಟಿ' ಎಂದು ಹುಡುಕಿ, ರಿಲಯಬಿಲಿಟಿ ಮಾನಿಟರ್ ತೆರೆಯಿರಿ. ಯಾವ ದಿನ ಏನು ಬಿತ್ತು ಎಂಬುದು ದಿನಾಂಕವಾರು ಅಲ್ಲಿ ಕಾಣುತ್ತದೆ. ನಂತರ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ಒಂದು ರಾತ್ರಿ ಪೂರ್ತಿ ಓಡಿಸಿ. ರ್‍ಯಾಮ್ ಕೆಟ್ಟಿದ್ದರೆ ಅದರಲ್ಲಿ ಲಿನಕ್ಸ್ ಹಾಕಿದರೂ ಬೀಳುತ್ತದೆ, ಆಗ ನೀಲಿ ಪರದೆಯ ಬದಲು ಕರ್ನಲ್ ಪ್ಯಾನಿಕ್ ನೋಡುತ್ತೀರಿ. ಮೆಕ್ಕೆಜೋಳದ ಕಾಲದಲ್ಲೇ ತೊಂದರೆ ಹೆಚ್ಚುವುದಾದರೆ ಕ್ಯಾಬಿನೆಟ್ ಬಿಚ್ಚಿ ಪ್ರೊಸೆಸರ್‌ನ ಫ್ಯಾನ್ ಕೂಡ ನೋಡಿ. ಯಾರ್ಡಿನ ಧೂಳು ಎಂಥದ್ದೆಂದು ನಾನು ನಿಮಗೆ ಹೇಳಬೇಕಾಗಿಲ್ಲ.

ಅಚ್ಚುಮೊಳೆ, ದಾವಣಗೆರೆ:

ಮೇಲಿನವರು ಹೇಳಿದ್ದು ಸರಿಯಾಗಿದೆ, ಆದರೆ ನಂಬಿಕೆ ಎಂಬುದು ಯಂತ್ರ ಬೀಳದಿರುವುದಷ್ಟೇ ಅಲ್ಲ. ನಾನು ಡಿಟಿಪಿ ಕೆಲಸ ಮಾಡುವವನು. ಲಿನಕ್ಸ್ ತಿಂಗಳುಗಟ್ಟಲೆ ನಿಲ್ಲದೆ ನಡೆದರೂ ಗಿರಾಕಿ ಎದುರಿಗೆ ನಿಂತಿರುವಾಗ ಪ್ರಿಂಟ್ ಬಾರದಿದ್ದರೆ ನನಗೆ ಅದು ನಂಬಲರ್ಹವಲ್ಲ. ನಮ್ಮ ಕಡೆ ಬಹಳ ಅಂಗಡಿಗಳಲ್ಲಿರುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಅನ್ನು ಲಿನಕ್ಸ್‌ನಲ್ಲಿ ನಡೆಸುವುದು ತಲೆನೋವಿನ ಕೆಲಸ. ಎಚ್‌ಪಿಯ ಅನೇಕ ಮಾದರಿಗಳು ಎಚ್‌ಪಿಲಿಪ್ ಎಂಬ ಲಿನಕ್ಸ್ ಡ್ರೈವರ್ ಇರುವುದರಿಂದ ಸುಲಭವಾಗಿ ನಡೆಯುತ್ತವೆ. ಡಿಜಿಟಲ್ ಸಹಿಯ ಟೋಕನ್ ಬಳಸುವುದಾದರೆ ಅದರ ಡ್ರೈವರ್ ಲಿನಕ್ಸ್‌ಗೆ ದೊರೆಯುತ್ತದೆಯೇ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಕನ್ನಡ ಬೆರಳಚ್ಚಿಗೆ ಹೆದರಬೇಕಾಗಿಲ್ಲ. ನುಡಿಯಲ್ಲಿ ನಿಮಗೆ ರೂಢಿಯಾಗಿರುವ ಕೆಜಿಪಿ ಕೀಲಿಮಣೆ ವಿನ್ಯಾಸವೇ ಲಿನಕ್ಸ್‌ನ ಬೆರಳಚ್ಚು ಸಲಕರಣೆಯಾದ ಐಬಸ್‌ನಲ್ಲಿ ಎಂ17ಎನ್ ಎಂಬ ಕೀಲಿಮಣೆ ಸಂಗ್ರಹದ ಮೂಲಕ ಸಿಗುತ್ತದೆ. ತೊಡಕಿರುವುದು ಹಳೆಯ ಕಡತಗಳಲ್ಲಿ. ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿ ಬರೆದಿಟ್ಟ ಪತ್ರಗಳು ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಓದುವ ಯೂನಿಕೋಡ್‌ನಲ್ಲಿ ಇಲ್ಲವಾದ್ದರಿಂದ, ಯಾವ ವ್ಯವಸ್ಥೆಗೆ ಹೋದರೂ ಅವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ಪರಿಶೀಲಿಸಿ ಇಟ್ಟುಕೊಳ್ಳುವುದು ಕ್ಷೇಮ.

ವಾಣಿ ವಿಲಾಸ, ಹಿರಿಯೂರು:

ಮೂರೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ ಎಂಬ ಮಾತಿಗೆ ನನ್ನ ಆಕ್ಷೇಪವಿದೆ. ಕರ್ನಲ್‌ನ ಮಟ್ಟಿಗೆ ಒಪ್ಪುತ್ತೇನೆ, ಆದರೆ ಅಪ್‌ಡೇಟ್‌ಗಳ ನೀತಿಯನ್ನು ಬಿಟ್ಟು ಸ್ಥಿರತೆಯ ಮಾತನಾಡಲಾಗದು. ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್‌ನ ಸ್ಟೇಬಲ್ ಶಾಖೆ ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ತರುತ್ತದೆ, ನಡುವೆ ಬರುವುದು ಬಹುತೇಕ ಭದ್ರತೆಯ ಮತ್ತು ಗಂಭೀರ ದೋಷಗಳ ತಿದ್ದುಪಡಿಗಳು ಮಾತ್ರ. ಇನ್ನೊಂದು ರೂಪವಾದ ಉಬುಂಟುವಿನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲದ) ಆವೃತ್ತಿಗಳಿಗೆ ಐದು ವರ್ಷ ಬೆಂಬಲವಿದೆ. ಅದೇ ಲಿನಕ್ಸ್ ಕುಟುಂಬದ ಆರ್ಚ್‌ನಲ್ಲಿ ಎಲ್ಲವೂ ಅಂದಂದೇ ಹೊಸದಾಗುತ್ತದೆ. ಆದ್ದರಿಂದ 'ಲಿನಕ್ಸ್ ಸ್ಥಿರವೇ' ಎಂದು ಕೇಳುವುದರಲ್ಲಿ ಅರ್ಥವಿಲ್ಲ, ಯಾವ ಲಿನಕ್ಸ್ ಎಂದು ಕೇಳಬೇಕು.

2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟಿರುವುದು ಪತ್ತೆಯಾಯಿತು. ಲಾಗಿನ್ ಆಗುವುದು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಅದನ್ನು ಹೊರಗೆಳೆದರು. ಆ ಹೊತ್ತಿಗೆ ಅದು ಡೆಬಿಯನ್‌ನ ಪರೀಕ್ಷಾ ಶಾಖೆಗಳಿಗೆ ತಲುಪಿತ್ತು, ಆದರೆ ಸ್ಟೇಬಲ್‌ಗೆ ತಲುಪಿರಲಿಲ್ಲ. ನಿಧಾನವಾಗಿ ನಡೆಯುವುದನ್ನೇ ನೀತಿಯಾಗಿ ಮಾಡಿಕೊಂಡದ್ದರ ಫಲವಿದು. ಬ್ರೌಸರ್ ಮತ್ತು ಲೆಕ್ಕ ತಿರುವಳಿಯ ಯಂತ್ರಗಳಿಗೆ ನಾನು ಡೆಬಿಯನ್ ಅಥವಾ ಲಿನಕ್ಸ್ ಮಿಂಟ್ ಅನ್ನೇ ಸೂಚಿಸುತ್ತೇನೆ. ಆರನೇ ತಲೆಮಾರಿನ ಪ್ರೊಸೆಸರ್‌ಗೆ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಸ್ಥಾನವಿಲ್ಲ, ಅಡ್ಡದಾರಿಯಲ್ಲಿ ಹಾಕಬಹುದಾದರೂ ವ್ಯವಹಾರದ ಯಂತ್ರಕ್ಕೆ ಅದು ತಕ್ಕುದಲ್ಲ.

ಮಂಡಿ ಗುಮಾಸ್ತ, ದಾವಣಗೆರೆ:

ಎಲ್ಲರಿಗೂ ಧನ್ಯವಾದಗಳು. ಮೆಮ್‌ಟೆಸ್ಟ್‌ನಲ್ಲಿ ಕೆಂಪು ಸಾಲುಗಳು ಬಂದವು. ಎರಡು ರ್‍ಯಾಮ್‌ಗಳ ಪೈಕಿ ಒಂದನ್ನು ತೆಗೆದ ಮೇಲೆ ಯಂತ್ರ ಬಿದ್ದಿಲ್ಲ. ಇನ್ನೊಂದು ಸಂದೇಹ ಉಳಿದಿದೆ. ಕರೆಂಟ್ ಹಠಾತ್ತನೆ ಹೋದಾಗ ಟ್ಯಾಲಿಯ ದತ್ತಾಂಶ ಕೆಡುತ್ತದೆ, ರಿಪೇರಿ ಕೊಟ್ಟು ಸರಿಪಡಿಸಿಕೊಳ್ಳುತ್ತಿದ್ದೇವೆ. ಲಿನಕ್ಸ್‌ನ ಕಡತ ವ್ಯವಸ್ಥೆ ಇದನ್ನು ತಡೆಯುತ್ತದೆಯೇ?

ಕೋಟೆ ಬಾಗಿಲು, ಚಿತ್ರದುರ್ಗ:

ತಡೆಯುವುದಿಲ್ಲ ಸರ್. ವಿಂಡೋಸ್‌ನ ಎನ್‌ಟಿಎಫ್‌ಎಸ್ ಮತ್ತು ಲಿನಕ್ಸ್‌ನ ಎಕ್ಸ್‌ಟಿ4 ಎಂಬ ಕಡತ ವ್ಯವಸ್ಥೆಗಳೆರಡೂ ಜರ್ನಲ್ ಇಡುತ್ತವೆ, ಅಂದರೆ ಮಾಡಬೇಕಾದ ಬದಲಾವಣೆಯನ್ನು ಮೊದಲು ಬರೆದಿಟ್ಟುಕೊಂಡು ನಂತರ ಜಾರಿಗೊಳಿಸುತ್ತವೆ. ಇದರಿಂದ ಕಡತಗಳ ಪಟ್ಟಿ ಮತ್ತು ರಚನೆ ಉಳಿಯುತ್ತದೆಯೇ ಹೊರತು, ಕಡತದ ಒಳಗೆ ಅರ್ಧ ಬರೆದಿದ್ದ ನಮೂದು ಪೂರ್ತಿಯಾಗುವುದಿಲ್ಲ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಎಫ್‌ಎಟಿ32 ಮತ್ತು ಎಕ್ಸ್‌ಫ್ಯಾಟ್‌ಗಳಲ್ಲಿ ಜರ್ನಲ್ ಕೂಡ ಇಲ್ಲ, ಆದ್ದರಿಂದ ಟ್ಯಾಲಿಯ ದತ್ತಾಂಶವನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟು ನೇರವಾಗಿ ನಡೆಸಬೇಡಿ.

ಟ್ಯಾಲಿ ವಿಂಡೋಸ್‌ಗಾಗಿಯೇ ರಚಿತವಾದದ್ದು. ಹೀಗಾಗಿ ಆ ಒಂದು ಸ್ಥಾನಕ್ಕೆ ವಿಂಡೋಸ್ 11 ಇರುವ ಹೊಸ ಯಂತ್ರ ಕೊಳ್ಳಿ, ಬ್ರೌಸರ್‌ನ ಎರಡಕ್ಕೆ ಹಿರಿಯೂರಿನವರು ಹೇಳಿದಂತೆ ಮಿಂಟ್ ಹಾಕಿ, ನುಡಿಯ ಯಂತ್ರವನ್ನು ಹಳೆಯ ಪತ್ರಗಳ ಪರಿವರ್ತನೆ ಮುಗಿಯುವವರೆಗೆ ಅಂತರ್ಜಾಲದಿಂದ ಬಿಡಿಸಿಡಿ. ಮ್ಯಾಕ್‌ಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಯುಪಿಎಸ್‌ಗೆ ಇಡುವಂತೆ ಸಾಹುಕಾರರಿಗೆ ಹೇಳಿ. ಕೊಳ್ಳುವಾಗ ಬ್ಯಾಟರಿ ಬದಲಿಸಲು ಬರುವ ಮಾದರಿಯೇ ಎಂದು ಕೇಳಿಕೊಳ್ಳಿ, ಲೇಸರ್ ಪ್ರಿಂಟರ್ ಅನ್ನು ಮಾತ್ರ ಅದಕ್ಕೆ ಜೋಡಿಸಬೇಡಿ.