200 ಆಂಪ್ ವೆಲ್ಡಿಂಗ್ ಮಶಿನ್‌ನ್ಯಾಗ ರಾಡ್ ಅಂಟತೈತಿ: 250 ತಗೊಳ್ಳೋದೋ, ಮಿಗ್ ತಗೊಳ್ಳೋದೋ?

ಎರಿಹೊಲ, ಗದಗ

ಮನಿ ಹಿಂದಿನ ಗ್ಯಾರೇಜಿನ್ಯಾಗ 200 ಆಂಪಿನ ಸಿಂಗಲ್ ಫೇಸ್ ಇನ್ವರ್ಟರ್ ಆರ್ಕ್ ಮಶಿನ್ ಐತಿ. 16 ಗೇಜ್ ಚೌಕ ಪೈಪಿಗೆ 2.5 ಎಂಎಂ ರಾಡ್ 70 ಆಂಪಿಗೆ ಚೊಲೋ ನಡೀತೈತಿ. 5 ಎಂಎಂ ಆಂಗಲ್ಲಿಗೆ 3.15 ರಾಡ್ ಹಾಕಿ 110ಕ್ಕ ಇಟ್ರ ರಾಡ್ ಅಂಟತೈತಿ, ಲೋಹ ಒಳಗ ಇಳೀದ ಮ್ಯಾಲೇ ಗುಡ್ಡಿ ಆಗತೈತಿ. ನಾಲ್ಕೈದು ರಾಡ್ ಆಗೂದ್ರಾಗ ಎಂಸಿಬಿ (ಲೋಡ್ ಹೆಚ್ಚಾದ್ರ ಕರೆಂಟ್ ಕಡಿಯೂ ಸ್ವಿಚ್) ಬೀಳತೈತಿ, ಪ್ಲಗ್ ಮುಟ್ಟಾಕ ಆಗೂದಿಲ್ಲ. ಟ್ರೇಲರ್ ಮತ್ತ ಕುಂಟಿ ರಿಪೇರಿನೂ ಮಾಡೂದೈತಿ. 250 ಆಂಪಿಂದು ತಗೊಳ್ಳಲೋ, ಮಿಗ್ (ರಾಡ್ ಬದಲಿ ವೈರ್ ಮತ್ತ ಗ್ಯಾಸ್ ಬಳಸೂ ಮಶಿನ್) ತಗೊಳ್ಳಲೋ?

ತಾರಿಹಾಳ_ವೈರ್‌ಮನ್, ಹುಬ್ಬಳ್ಳಿ

ಎರಡೂ ಬ್ಯಾಡ್ರಿ, ಮೊದಲ ಮೀಟರಿನಿಂದ ಗ್ಯಾರೇಜಿಗೆ ಬಂದ ವೈರ್ ನೋಡ್ರಿ. ಲೆಕ್ಕ ಹಿಂಗ ಐತಿ: 110 ಆಂಪಿಗೆ ಆರ್ಕ್ ವೋಲ್ಟೇಜ್ ಸುಮಾರು 24. ಅಂದ್ರ 2.7 ಕಿಲೋವ್ಯಾಟ್. ಮಶಿನ್ ದಕ್ಷತೆ 85 ಪರ್ಸೆಂಟ್, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನ್ಯಾಗ ಕೆಲಸಕ್ಕ ಬರೂ ಪಾಲು) 0.7 ಹಿಡಿದ್ರ ಗೋಡಿ ಕಡಿಂದ 20 ಆಂಪಿಗೆ ಮ್ಯಾಲ ಎಳೀತೈತಿ. ನಿಮ್ಮ ಪ್ಲಗ್ 16 ಆಂಪಿಂದು, ಬಿಸಿ ಆಗದ ಏನು ಮಾಡೀತು! ಇನ್ನೊಂದು ಮಾತು, ಇನ್ವರ್ಟರ್ ಮಶಿನ್ ಹಠಮಾರಿ. ಒಳಗ ಬರೋ ವೋಲ್ಟೇಜ್ ಇಳಿದಂಗ ಅದು ಹೆಚ್ಚು ಕರೆಂಟ್ ಎಳದು ಸರಿ ಮಾಡ್ಕೊಳ್ಳಾಕ ನೋಡತೈತಿ, ಅದರಿಂದ ವೈರಿನ್ಯಾಗ ವೋಲ್ಟೇಜ್ ಮತ್ತಷ್ಟು ಬೀಳತೈತಿ.

250 ಆಂಪ್ ಮಶಿನ್ ಪೂರಾ ಓಡಿಸಿದ್ರ ಇದೇ ಲೆಕ್ಕಕ್ಕ 50 ಆಂಪಿಗೆ ಮ್ಯಾಲ ಬೇಕು. ಮನಿ ಸಿಂಗಲ್ ಫೇಸಿನ್ಯಾಗ ಅದು ಆಗೂ ಮಾತಲ್ಲ. ಒಂದ್ ಕೆಲಸ ಮಾಡ್ರಿ. ಒಬ್ರು ರಾಡ್ ಸುಡ್ತಿರಬೇಕಾದ್ರ ಇನ್ನೊಬ್ರು ಮಲ್ಟಿಮೀಟರ್ ಹಿಡಿದು, ಮಶಿನ್ ಪ್ಲಗ್ ಹತ್ರ ಒಮ್ಮೆ, ಮೀಟರ್ ಹತ್ರದ ಮೇನ್ ಸ್ವಿಚ್ಚಿನ್ಯಾಗ ಒಮ್ಮೆ ವೋಲ್ಟೇಜ್ ನೋಡ್ರಿ. ಕರೆಂಟಿನ ಕೆಲಸ ರೂಢಿ ಇದ್ದವರೇ ಅದನ್ನ ನೋಡ್ಲಿ.

ಎರಿಹೊಲ, ಗದಗ

ನೋಡಿದ್ವಿ. ಸುಮ್ನಿದ್ದಾಗ 226. ಸುಡುವಾಗ ಮೇನ್‌ನ್ಯಾಗ 218, ಪ್ಲಗ್ ಹತ್ರ 196. ಮೀಟರಿನಿಂದ ಗ್ಯಾರೇಜಿಗೆ 25 ಮೀಟರ್ 1.5 ಸ್ಕ್ವೇರ್ (ಚದರ ಎಂಎಂ) ವೈರ್, ಮ್ಯಾಲ 10 ಮೀಟರ್ ಎಕ್ಸ್‌ಟೆನ್ಶನ್.

ತಾರಿಹಾಳ_ವೈರ್‌ಮನ್, ಹುಬ್ಬಳ್ಳಿ

ಸಿಕ್ಕಿತು ನೋಡ್ರಿ. ಹೊರಗಿನ ಲೈನಿನ್ಯಾಗ ಬಿದ್ದದ್ದು ಬರೇ 8 ವೋಲ್ಟ್, ಅದು ನಡೀತೈತಿ. ಉಳಿದ 22 ನಿಮ್ಮ ಮನಿ ವೈರೇ ನುಂಗೇತಿ. 1.5 ಸ್ಕ್ವೇರ್ ತಾಮ್ರ ಅಂದ್ರ ಕಿಲೋಮೀಟರಿಗೆ 12 ಓಮ್. ಹೋಗೂದು ಬರೂದು ಸೇರಿ 50 ಮೀಟರಿಗೆ 0.6 ಓಮ್, 22 ಆಂಪಿಗೆ 13 ವೋಲ್ಟ್ ಹೋತು. ಉಳಿದದ್ದು ಎಕ್ಸ್‌ಟೆನ್ಶನ್ ಪಾಲು. ಅದನ್ನ ಸುತ್ತಿದಂಗ ಇಟ್ಟು ಓಡಿಸಬ್ಯಾಡ್ರಿ, ಒಳಗ ಶಾಖ ಕೂತು ಇನ್ಸುಲೇಶನ್ ಕರಗತೈತಿ.

ಮೇನ್‌ನಿಂದ ಬ್ಯಾರೆ ಲೈನ್ ಎಳೀರಿ: ಫೇಸ್, ನ್ಯೂಟ್ರಲ್, ಅರ್ಥ್ ಮೂರೂ 6 ಸ್ಕ್ವೇರ್ ತಾಮ್ರ. 32 ಆಂಪಿನ ಸಿ ಕರ್ವ್ (ಚಾಲೂ ಆಗೂ ಕ್ಷಣದ ಎಳೆತಕ್ಕ ಬೀಳದ ಬಗಿ) ಎಂಸಿಬಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಕಡಿಯೂ ಸ್ವಿಚ್), ಗೋಡಿಗೆ 32 ಆಂಪಿನ ನೀಲಿ ಇಂಡಸ್ಟ್ರಿಯಲ್ ಸಾಕೆಟ್. ಅದೇ 25 ಮೀಟರಿನ್ಯಾಗ ಆಮ್ಯಾಲ ಮೂರೂವರೆ ವೋಲ್ಟ್ ಅಷ್ಟ ಬೀಳತೈತಿ. ಈ ಲೈನಿನ ಮ್ಯಾಲ 150 ಆಂಪಿನ ತನಕ ಓಡಸ್ರಿ, 3.15 ರಾಡಿಗೆ ಅಷ್ಟು ಬೇಕಾದಷ್ಟಾತು. ಹೆಸ್ಕಾಂ ಬಿಲ್ಲಿನ್ಯಾಗ ಮಂಜೂರಾದ ಲೋಡ್ ಎಷ್ಟೈತಿ ನೋಡ್ರಿ. 2 ಕಿಲೋವ್ಯಾಟ್ ಇದ್ರ ಮೊದಲ ಅರ್ಜಿ ಕೊಟ್ಟು ಹೆಚ್ಚು ಮಾಡಿಸ್ಕೊಳ್ರಿ.

ಗದಗಿನ ಎರಿ ಮಣ್ಣಿನ್ಯಾಗ ಅರ್ಥಿಂಗ್ ಮಳಿಗಾಲದಾಗ ಚೊಲೋ ಇರ್ತದ. ಬ್ಯಾಸಿಗ್ಯಾಗ ಮಣ್ಣು ಬಿರುಕು ಬಿಟ್ಟು ಪೈಪಿನಿಂದ ದೂರ ಸರೀತದ. ಮಾರ್ಚಿನಿಂದ ಗುಂಡಿಗೆ ನೀರು ಹಾಕ್ರಿ.

ಬಿಸಿಲುಕಬ್ಬಿಣ, ಹಾವೇರಿ

ವೈರ್‌ಮನ್ ಹೇಳಿದ್ದು ಖರೆ. ಆದ್ರ ಮಶಿನ್ ಈಚೆ ಬದಿನೂ ನೋಡ್ರಿ. ಜೋಡಿ ಬಂದ ಕೇಬಲ್ಲಿನ ಎಳಿ ಒಂದು ಬ್ಲೇಡಿನಿಂದ ಕೆರೀರಿ, ಒಳಗ ಬೆಳ್ಳಗ ಕಂಡ್ರ ತಾಮ್ರ ಸವರಿದ ಅಲ್ಯುಮಿನಿಯಂ. ಅದನ್ನ ತಗದು 25 ಸ್ಕ್ವೇರ್ ತಾಮ್ರದ ವೆಲ್ಡಿಂಗ್ ಕೇಬಲ್ ಹಾಕ್ರಿ, ಹೋಲ್ಡರಿಗೆ 5 ಮೀಟರ್, ಅರ್ಥಿಗೆ (ಸುಡೂ ಕಬ್ಬಿಣಕ್ಕ ಕಚ್ಚೂ ಕೇಬಲ್) 3 ಮೀಟರ್. ಲಗ್ಗು (ಕೇಬಲ್ ತುದಿಗೆ ಹಾಕೂ ಲೋಹದ ತುಂಡು) ಪ್ರೆಸ್ ಮಾಡಿಸ್ರಿ, ಸುತ್ತಿಗಿಲೆ ಬಡದದ್ದು ತಿಂಗಳದಾಗ ಸಡ್ಲ ಆಗತೈತಿ. ಅಂಗಡಿಗೆ ಹೋಗೂ ಮುಂದ ಮಶಿನ್ನಿನ ಹಳೆ ಪಿನ್ ಒಯ್ರಿ. 9 ಎಂಎಂ, 13 ಎಂಎಂ ಅಂತ ಎರಡು ಅಳತಿ ಇರ್ತಾವ, ಒಂದರಾಗ ಇನ್ನೊಂದು ಕೂಡೂದಿಲ್ಲ. ತಗಡಿನ ಅರ್ಥ್ ಕ್ಲ್ಯಾಂಪ್ ಬಿಸಾಕಿ ಹಿತ್ತಾಳಿಂದು ತಗೊಳ್ರಿ, ಕಚ್ಚೂ ಜಾಗ ಗ್ರೈಂಡ್ ಮಾಡಿ ಹೊಳಪು ತರಿಸ್ರಿ. ತುಕ್ಕಿನ ಮ್ಯಾಲ ಕ್ಲ್ಯಾಂಪ್ ಹಚ್ಚಿ ಮಶಿನ್ ಸರಿ ಇಲ್ಲ ಅನ್ನೋರು ಭಾಳ.

ಗ್ರೈಂಡರ್ ಮಶಿನ್ ಬಾಜೂಕ ಓಡಿಸಬ್ಯಾಡ್ರಿ. ಫ್ಯಾನ್ ಕಬ್ಬಿಣದ ಪುಡಿ ಒಳಗ ಎಳಕೊಂಡು ಬೋರ್ಡಿನ ಮ್ಯಾಲ ಕೂಡಸತೈತಿ, ಶಾರ್ಟ್ ಆದ್ರ ಐಜಿಬಿಟಿ (ಕರೆಂಟ್ ಸ್ವಿಚ್ ಮಾಡೂ ಒಳಗಿನ ಭಾಗ) ಹೋತು. ಒಳಗ ಗಾಳಿ ಹೊಡಿಯೂ ಮೊದಲ ಪ್ಲಗ್ ತಗದು 10 ನಿಮಿಷ ಬಿಡ್ರಿ. ಕೆಪಾಸಿಟರಿನ್ಯಾಗ 325 ವೋಲ್ಟ್ ಡಿಸಿ ನಿಂತಿರತೈತಿ.

ಧಾರವಾಡ_ಜಿಟಿಜಿಟಿ

5 ಎಂಎಂ ಆಂಗಲ್ ಹಂಗ ಜೋಡಿಸಿ ಸುಟ್ರ ಯಾವ ಮಶಿನ್ನಿನ್ಯಾಗೂ ಗುಡ್ಡಿನ ಆಗ್ತದ. ಅಂಚು 30 ಡಿಗ್ರಿ ಇಳಿಸ್ರಿ, ನಡುವ 2 ಎಂಎಂ ಸಂದು ಬಿಡ್ರಿ. ಒಳಗಿನ ಪಾಸ್ 2.5 ರಾಡ್ 80 ಆಂಪ್. ಸ್ಲ್ಯಾಗ್ (ವೆಲ್ಡಿನ ಮ್ಯಾಲ ಕೂಡೂ ಗಟ್ಟಿ ಪದರ) ಪೂರಾ ತಗದು ಮ್ಯಾಲ 3.15, 115 ಆಂಪ್.

ಮಳಿಗಾಲದಾಗ ನಮ್ಮ ಕಡೆ ರಾಡಿಗೆ ಥಂಡಿ ಹಿಡೀತದ. 6013 (ಸಾಮಾನ್ಯ ಕೆಲಸದ ರಾಡ್) ಅನ್ನ 100 ಡಿಗ್ರಿಯೊಳಗ ಒಂದು ತಾಸು ಒಣಗಿಸಿದ್ರ ಸಾಕು, ಹೆಚ್ಚು ಸುಟ್ರ ಲೇಪದ ಗುಣಾನ ಹೋಗ್ತದ. ಕುಂಟಿ ಬ್ಲೇಡಿಗೆ ಮಾತ್ರ 6013 ಬ್ಯಾಡ. ಅದರಾಗ ಇಂಗಾಲ ಹೆಚ್ಚು, ಆರಿದ ಮ್ಯಾಲ ವೆಲ್ಡಿನ ಬಾಜೂಕ ಸೀಳ್ತದ. 7018 (ಹೈಡ್ರೋಜನ್ ಕಡಿಮಿ ಇರೂ ರಾಡ್) ಹಾಕ್ರಿ, ಹೋಲ್ಡರ್ ಪ್ಲಸ್ಸಿಗೆ. ಬ್ಲೇಡ್ ಮೊದಲ ಕಾಯಿಸಿ, ಸುಟ್ಟ ಮ್ಯಾಲ ಬೂದ್ಯಾಗ ಹುಗದು ನಿಧಾನ ಆರಿಸ್ರಿ. ಆ ರಾಡ್ ಒದ್ದಿ ಆಗಿದ್ರ 300 ಡಿಗ್ರಿ ಮ್ಯಾಲಿನ ಓವನ್ ಬೇಕು, ಅಡಿಗಿಮನಿ ಓವನ್ ಅಷ್ಟು ಏರೂದಿಲ್ಲ.

ಮಿಗ್ ಬಗ್ಗೆ: 18 ಗೇಜಿನ ತೆಳು ಪೈಪ್ ದಿನಾ ಮಾಡೋರಿಗೆ ಖರೇನ ಚೊಲೋ. ಟ್ರೇಲರ್ ಹೊರಗ ಬಯಲಾಗ ಮಾಡೋರಿಗೆ ಗಾಳಿ ಗ್ಯಾಸ್ ಹಾರಿಸ್ತದ, ವೆಲ್ಡಿನ್ಯಾಗ ತೂತು ಬೀಳ್ತಾವ. ತಗೊಂಡ್ರೂ ಗ್ಯಾಸ್ ಬ್ಯಾಡದ ಫ್ಲಕ್ಸ್ ಕೋರ್ ವೈರ್ (ಒಳಗ ಪುಡಿ ತುಂಬಿದ್ದು) ಹಾಕುವಾಗ ಟಾರ್ಚ್ ಮೈನಸ್ಸಿಗೆ ಬದಲಿಸೂದು ಮರೀಬ್ಯಾಡ್ರಿ, ಇಲ್ಲಾಂದ್ರ ಬರೇ ಸಿಡೀತದ.

ಎರಿಹೊಲ, ಗದಗ

ಆತ್ರಿ, ಮೊದಲ 6 ಸ್ಕ್ವೇರ್ ಲೈನ್, ಆಮ್ಯಾಲ ಕೇಬಲ್. 6 ಸ್ಕ್ವೇರ್ ಅಲ್ಯುಮಿನಿಯಂ ಅಗ್ಗ ಐತಿ, ನಡೀತೈತೇನು?

ತಾರಿಹಾಳ_ವೈರ್‌ಮನ್, ಹುಬ್ಬಳ್ಳಿ

ಇಲ್ರಿ. ಅಲ್ಯುಮಿನಿಯಂ ಹಾಕಿದ್ರ ಕನಿಷ್ಠ 10 ಸ್ಕ್ವೇರ್ ಬೇಕು, ಎಂಸಿಬಿ ಟರ್ಮಿನಲ್ಲಿನ್ಯಾಗ ಸ್ಕ್ರೂ ಸಡ್ಲ ಆಗಿ ಕರೀ ಹಿಡೀತೈತಿ. ತಾಮ್ರನ ಹಾಕ್ರಿ.