‘ಹೋಗಿದ್ದಾರೆ’ ಅನ್ನೋದಕ್ಕೆ ಇಂಗ್ಲಿಷಲ್ಲಿ ಏನಂತೀರಿ?

ಪ್ರಶ್ನೆ (ಹೋಂಸ್ಟೇ ನಡೆಸುವವರು, ನಾಪೋಕ್ಲು):
ಮೇಡಂ, ನಮಸ್ಕಾರ. ನಾನು ಓದಿದ್ದು ಕನ್ನಡ ಮೀಡಿಯಂ. ಗೆಸ್ಟ್‌ಗಳ ಜೊತೆ ಇಂಗ್ಲಿಷಲ್ಲಿ ಹೇಗೋ ಸುಧಾರಿಸುತ್ತೇನೆ. ಕಳೆದ ವಾರ ಒಂದು ಎಡವಟ್ಟಾಯ್ತು. ಇಂಗ್ಲೆಂಡಿನಿಂದ ಬಂದ ಗಂಡ ಹೆಂಡತಿಗೆ ಕಾಫಿ ತೋಟ ತೋರಿಸ್ತೀನಿ ಅಂತ ನಮ್ಮ ಯಜಮಾನರು ಹೇಳಿದ್ದರು. ಬೆಳಿಗ್ಗೆ ಅವರು ಕೇಳಿದಾಗ ನಾನು ‘ಹಿ ಹ್ಯಾಸ್ ಬೀನ್ ಟು ಮಡಿಕೇರಿ’ ಅಂದೆ. ಪಾಪ, ಶೂ ಹಾಕಿಕೊಂಡು ಅಂಗಳದಲ್ಲಿ ಮುಕ್ಕಾಲು ಗಂಟೆ ನಿಂತಿದ್ದರು. ನಾನು ಹೇಳಿದ್ದರಲ್ಲಿ ತಪ್ಪೇನು?

ಇನ್ನೊಂದು. ಬಂದು ಎಷ್ಟು ದಿನ ಆಯ್ತು ಅಂತ ಕೇಳೋಣ ಅಂತ ‘ಹೌ ಲಾಂಗ್ ಆರ್ ಯು ಹಿಯರ್?’ ಅಂದರೆ, ‘ಟಿಲ್ ಸಂಡೇ’ ಅಂದರು!

ಉತ್ತರ (ಇಂಗ್ಲಿಷ್ ಟೀಚರ್, ಮಡಿಕೇರಿ):
ಅರ್ಧ ತಪ್ಪು ಕನ್ನಡದ್ದೇ ಅನ್ನಿ. ‘ಯಜಮಾನರು ಮಡಿಕೇರಿಗೆ ಹೋಗಿದ್ದಾರೆ’ ಅಂದರೆ ಈಗ ಮನೆಯಲ್ಲಿಲ್ಲ. ಅದೇ ‘ನೀವು ತಲಕಾವೇರಿಗೆ ಹೋಗಿದ್ದೀರಾ?’ ಅಂತ ಗೆಸ್ಟನ್ನು ಕೇಳಿದರೆ, ಯಾವತ್ತಾದರೂ ಹೋಗಿ ಬಂದಿದ್ದೀರಾ ಅಂತ. ನಮಗೆ ಎರಡಕ್ಕೂ ಒಂದೇ ಮಾತು ಸಾಕು. ಇಂಗ್ಲಿಷಿಗೆ ಸಾಲದು. ಹೋದವರು ಇನ್ನೂ ಬಂದಿಲ್ಲ ಅಂದರೆ ‘ಹ್ಯಾಸ್ ಗಾನ್’. ಹೋಗಿ ಬಂದಾಗಿದೆ ಅಂದರೆ ‘ಹ್ಯಾಸ್ ಬೀನ್’. ನೀವು ‘ಬೀನ್’ ಅಂದಿರಿ. ಯಜಮಾನರು ವಾಪಸ್ ಬಂದು ಒಳಗೆ ತಿಂಡಿ ತಿಂತಿದ್ದಾರೆ ಅಂದುಕೊಂಡು ಅವರು ಕಾದರು.

ಎರಡನೇದು. ‘ಹೌ ಲಾಂಗ್ ಆರ್ ಯು ಹಿಯರ್?’ ಅಂದರೆ ಇನ್ನೆಷ್ಟು ದಿನ ಇರ್ತೀರಿ ಅಂತ ಕೇಳಿಸುತ್ತೆ. ಬಂದು ಎಷ್ಟು ದಿನ ಆಯ್ತು ಅನ್ನೋದಕ್ಕೆ ‘ಹೌ ಲಾಂಗ್ ಹ್ಯಾವ್ ಯು ಬೀನ್ ಹಿಯರ್?’. ಹಿಂದೆ ಶುರುವಾಗಿ ಈಗಲೂ ನಡೀತಾ ಇರೋದಕ್ಕೆಲ್ಲ ಈ ‘ಹ್ಯಾವ್’ ಬೇಕು. ಹೋಂಸ್ಟೇ 2016ರಿಂದ ನಡೆಸ್ತಿದ್ದರೆ ‘ಐ ಆಮ್ ರನ್ನಿಂಗ್’ ಅಲ್ಲ, ‘ಐ ಹ್ಯಾವ್ ಬೀನ್ ರನ್ನಿಂಗ್ ಇಟ್ ಸಿನ್ಸ್ 2016’.

ಆದರೆ ನಿನ್ನೆ, ಕಳೆದ ವಾರ, 2018ರಲ್ಲಿ ಅಂತ ಮುಗಿದ ಸಮಯ ಹೇಳಿದಿರೋ, ‘ಹ್ಯಾವ್’ ಬಿಟ್ಟುಬಿಡಿ. ‘ವಿ ಹ್ಯಾವ್ ಪೇಂಟೆಡ್ ದ ರೂಮ್ಸ್’ ಸರಿ. ಅದಕ್ಕೆ ‘ಲಾಸ್ಟ್ ವೀಕ್’ ಸೇರಿಸಿದ ಕೂಡಲೇ ‘ವಿ ಪೇಂಟೆಡ್’.

ಸುಮ್ನೆ ಒಂದು ಮಾತು. ಗೆಸ್ಟ್ ಕರೆದಾಗ ನಾವು ಒಲೆ ಮುಂದೆ ನಿಂತೇ ‘ಬಂದೆ ಬಂದೆ’ ಅಂತೀವಲ್ವಾ? ಹೊರಟೇ ಇಲ್ಲ, ಆಗಲೇ ಬಂದಾಗಿದೆ! ಅದನ್ನು ‘ಐ ಕೇಮ್’ ಅಂತ ಮಾತ್ರ ಮಾಡಬೇಡಿ. ‘ಕಮಿಂಗ್’ ಅಂದರೆ ಸಾಕು.

ಪ್ರಶ್ನೆ (ತೋಟದ ರೈಟರ್, ಸಿದ್ದಾಪುರ):
ಮೇಡಂ, ನಾನೂ ಕೇಳಲಾ? ಪಂಪ್‌ಸೆಟ್ ರಿಪೇರಿಯವರು ಬಂದಿದ್ದರು ಅಂತ ಬೆಂಗಳೂರಲ್ಲಿರೋ ಓನರಿಗೆ ‘ಮೆಕ್ಯಾನಿಕ್ ಹ್ಯಾಡ್ ಕಮ್ ಯೆಸ್ಟರ್ಡೇ’ ಅಂತ ಮೆಸೇಜ್ ಹಾಕಿದೆ. ಅವರ ಮಗಳು ‘ಕೇಮ್’ ಅಂತ ತಿದ್ದಿ ಕಳಿಸಿದಳು.

ಉತ್ತರ:
ಹುಡುಗಿ ಹೇಳಿದ್ದೇ ಸರಿ. ‘ಬಂದಿದ್ದರು’ ಅಂದ ಕೂಡಲೇ ನಮ್ಮ ಕೈ ‘ಹ್ಯಾಡ್’ ಕಡೆಗೆ ಹೋಗುತ್ತೆ. ನನ್ನ ಮಕ್ಕಳ ಉತ್ತರ ಪತ್ರಿಕೆಯಲ್ಲಿ ಜಾಸ್ತಿ ಕಾಣೋ ತಪ್ಪು ಇದೇ. ಹಿಂದೆ ಆದ ಎರಡು ಸಂಗತಿಗಳಲ್ಲಿ ಇದು ಇನ್ನೂ ಮೊದಲೇ ಆಗಿತ್ತು ಅಂತ ತೋರಿಸಬೇಕಾದಾಗ ‘ಹ್ಯಾಡ್’ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ನಿಮಗೆ ಜಾಸ್ತಿ ಬೇಕಾಗೋದು ಇದು: ‘ವೆನ್ ಯು ಕಾಲ್ಡ್, ದ ಪವರ್ ಹ್ಯಾಡ್ ಆಲ್ರೆಡಿ ಗಾನ್’. ಓನರ್ ಫೋನ್ ಮಾಡಿದ್ದು ಆಮೇಲೆ, ಕರೆಂಟ್ ಹೋಗಿದ್ದು ಮೊದಲು. ಮೆಕ್ಯಾನಿಕ್ ಬಂದ ಒಂದೇ ಸಂಗತಿಗೆ ‘ಕೇಮ್’ ಸಾಕು.

ಹಾಂ, ‘ಮಳೆ ಬಂದರೆ’ ಅನ್ನೋದಕ್ಕೆ ‘ಇಫ್ ಇಟ್ ವಿಲ್ ರೈನ್’ ಅನ್ನಬೇಡಿ. ‘ಇಫ್ ಇಟ್ ರೈನ್ಸ್’.

ಹೋಂಸ್ಟೇ ನಡೆಸುವವರು:
ಥ್ಯಾಂಕ್ಸ್ ಮೇಡಂ. ಯಜಮಾನರು ಈಗ ಸಂತೆಗೆ ಹೋಗಿದ್ದಾರೆ. ‘ಹಿ ಹ್ಯಾಸ್ ಗಾನ್’, ಅಲ್ವಾ?

ಉತ್ತರ:
ಸರಿ. ಬಂದು ಚೀಲ ಇಳಿಸಿದ ಮೇಲೆ ‘ಬೀನ್’.